ಚಿಲ್ಲರೆ

ಕುತಾಯಿಸಿಯ ಉಳಿತಾಯ ಕಚೇರಿಯ ಮೂರನೆಯ ಕಿಟಕಿಯಲ್ಲಿ
ಇಪ್ಪತ್ತೆರಡು ವರ್ಷ ಕೂತವಳು ನಾನು, ನಾಜಿಬ್ರೋಲಾ.
ಅಂಚು ಮುಟ್ಟಿದರೆ ಸಾಕಿತ್ತು,
ನೋಟು ಮೀನಂಗಡಿಯಿಂದ ಬಂತೋ ಮದುವೆಮನೆಯಿಂದಲೋ
ಹೇಳುತ್ತಿದ್ದೆ.
ಆದರೆ ದುಡ್ಡು ಸತ್ತಾಗ ವಾಸನೆ ಬರುವುದಿಲ್ಲ,
ಅದು ನನಗೂ ತಡವಾಗಿಯೇ ಗೊತ್ತಾಯಿತು.

ಅಜ್ಜಿ ಇಪ್ಪತ್ತು ಕೊಪೆಕ್ಕಿನ ಬಿಲ್ಲೆಯನ್ನು ಕೊನೆಯವರೆಗೂ
'ಅಬಾಜಿ' ಎಂದೇ ಕರೆದಳು.
ಯಾವನೋ ಪರ್ಷಿಯದ ಷಹಾನ ಹೆಸರಂತೆ ಅದು.
ಅವನ ಕುದುರೆಗಳು ತುಳಿದ ಬಳ್ಳಿ ಮತ್ತೆ ಚಿಗುರಿ
ಮುನ್ನೂರು ಸಲ ದ್ರಾಕ್ಷಾರಸವಾಯಿತು.
ತುಳಿದವನ ಹೆಸರು
ನಮ್ಮ ಅಜ್ಜಿಯ ಸೆರಗಿನ ಗಂಟಿನಲ್ಲಿ, ಬೆಚ್ಚಗೆ.

ಶಾಲೆಯಲ್ಲಿದ್ದಾಗ ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದರು.
ತಾಮಾರ್ ರಾಣಿಯ ಕಾಲದ ತಾಮ್ರ:
ದುಂಡಗಿಲ್ಲ, ಚೌಕವಿಲ್ಲ,
ಹಸಿದವರು ರೊಟ್ಟಿ ಮುರಿದ ಹಾಗೆ ಒಂದೊಂದೂ ಒಂದೊಂದು ಆಕಾರ.
ಒಂದು ಮಗ್ಗುಲಲ್ಲಿ ನಮ್ಮ ಅಕ್ಷರ, ಇನ್ನೊಂದರಲ್ಲಿ ಅರಬ್ಬಿ.
"ಬೆಳ್ಳಿ ಸಾಲದೆ ಬಂತು," ಎಂದರು ಮೇಷ್ಟ್ರು
ನಾಚಿಕೊಂಡವರಂತೆ.

ಅಪ್ಪ ವಾನಿಯ ಕಡೆಯವನು.
ಬಳ್ಳಿ ನೆಡಲು ಅಗೆಯುವಾಗ ಉಗುರಗಲ ಬೆಳ್ಳಿ ಸಿಕ್ಕಿತ್ತು:
ಮೂಗು ಸವೆದ ಒಂದು ಮುಖ, ಹಿಂದೆ ಗೂಳಿಯ ತಲೆ.
ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಒಪ್ಪಿಸಲಿಲ್ಲ.
ಅಮ್ಮನ ಹೊಲಿಗೆ ಡಬ್ಬಿಯಲ್ಲಿ, ಅಂಗಿ ಗುಂಡಿಗಳ ನಡುವೆ,
ಎರಡು ಸಾವಿರ ವರ್ಷದ ಆ ಗೂಳಿ ಮಲಗಿಕೊಂಡಿತು.

ತೊಂಬತ್ತಮೂರರ ಏಪ್ರಿಲಿನಲ್ಲಿ ಕೂಪನ್ನು ಬಂತು.
ಸ್ವಲ್ಪ ದಿನಕ್ಕೆ, ಎಂದರು.
ಆ ಸ್ವಲ್ಪ ದಿನದಲ್ಲಿ ಸೊನ್ನೆಗಳು ಮರಿ ಹಾಕಿದವು,
ಮರಿಗಳು ಮರಿ ಹಾಕಿದವು.
ಕಿರಿಲೆ ಎಂಬ ಮುದುಕ ನನ್ನ ಕಿಟಕಿಗೆ ಬಂದ,
ಮೂವತ್ತು ವರ್ಷ ಕಾರಿಗೆಂದು ಕೂಡಿಟ್ಟ ಪಾಸ್‌ಬುಕ್ಕು ಹಿಡಿದು.
"ಈಗ ಇದಕ್ಕೆ ಏನು ಬರುತ್ತದೆ?"
"ಒಂದು ಬೆಂಕಿಪೊಟ್ಟಣ."
ತುಸು ಹೊತ್ತು ಸುಮ್ಮನಿದ್ದು ಕೇಳಿದ:
"ಹೊತ್ತುತ್ತದಾ?"

ಆ ಚಳಿಗಾಲ ದಿಂಬಿನ ಚೀಲದ ತುಂಬ ನೋಟು ಹೊತ್ತು
ರೊಟ್ಟಿಗೆ ಹೋದೆ.
ಭಟ್ಟಿಯ ವರ್ಲಾಮಿ ಕಂತೆ ಬಿಚ್ಚಲಿಲ್ಲ,
ತಕ್ಕಡಿಯಲ್ಲಿಟ್ಟು ತೂಗಿದ.
ನನ್ನೆದುರು! ನೋಟೆಣಿಸಿ ಬೆರಳ ಗುರುತು ಸವೆದವಳೆದುರು!
ಬೈಯಬೇಕೆಂದುಕೊಂಡೆ. ರೊಟ್ಟಿ ಬಿಸಿಯಾಗಿತ್ತು.

ಕರೆಂಟು ಇರಲಿಲ್ಲ. ಮೊಮ್ಮಗಳಿಗೆ ಕೆಮ್ಮು.
ಗೂಳಿಯನ್ನು ಕೊಟ್ಟು ಐದು ಲೀಟರು ಸೀಮೆಎಣ್ಣೆ ತಂದೆ.
ಎರಡು ಸಾವಿರ ವರ್ಷ
ನಾಲ್ಕು ರಾತ್ರಿ ಉರಿಯಿತು.

ಮರುವರ್ಷ ಅಕ್ಟೋಬರಿನಲ್ಲಿ ಲರಿ.
ಹಳೆಯ ಮಾತಿನಲ್ಲಿ ಹಾಗೆಂದರೆ ಭಂಡಾರ.
ಹತ್ತು ಲಕ್ಷಕ್ಕೆ ಒಂದು,
ದಿಂಬಿನ ಚೀಲ ಮತ್ತೆ ದಿಂಬಿಗೆ ಹೋಯಿತು.
ವರ್ಲಾಮಿಯ ಮುಂದೆ ನಿಂತು ನಾಣ್ಯ ಕೊಟ್ಟೆ,
ರೊಟ್ಟಿ ತೆಗೆದುಕೊಂಡು ತಿರುಗಿದೆ.
"ಅಕ್ಕಾ, ಚಿಲ್ಲರೆ!"

ಎರಡು ವರ್ಷದಿಂದ ಆ ಮಾತು ಕೇಳಿರಲಿಲ್ಲ.
ಅಂಗೈಯಲ್ಲಿ ಎರಡು ತೆತ್ರಿಯ ನವಿಲು, ಒಂದರ ಮೇಲೆ ದ್ರಾಕ್ಷಿಗೊನೆ.
ತೆತ್ರಿ ಎಂದರೆ ಬಿಳಿ. ಬೆಳ್ಳಿಯಲ್ಲ, ಬರೀ ಬಿಳಿ.
ಇಸವಿ ನೋಡಿದೆ: ತೊಂಬತ್ತಮೂರು.
ಅಚ್ಚಾಗಿ, ಯಾವುದೋ ಕತ್ತಲಲ್ಲಿ
ಇದೂ ನಮ್ಮ ಹಾಗೇ ಕಾದಿದೆ.
"ಕಡಿಮೆ ಬಂತೇನಮ್ಮಾ?" ಸಾಲಿನವರು ತಳ್ಳಿದರು.
"ಇಲ್ಲ," ಎಂದೆ, "ಬಂತು."

ದ್ರಾಕ್ಷಿಯನ್ನು ಹೊಲಿಗೆ ಡಬ್ಬಿಗೆ ಹಾಕಿದೆ,
ಗೂಳಿ ಇದ್ದ ಜಾಗಕ್ಕೆ.
ಇಟ್ಟುಕೊಳ್ಳಬೇಕೆಂದೇ ಇತ್ತು ಮನಸ್ಸಿನಲ್ಲಿ.
ಮಾರನೆಯ ಬೆಳಗ್ಗೆ ರೊಟ್ಟಿಗೆ ಒಂದೇ ತೆತ್ರಿ ಕಡಿಮೆ ಬಿತ್ತು.
ತೆಗೆದುಕೊಂಡು ಹೋದೆ.
ವರ್ಲಾಮಿ ಎಣಿಸಿಕೊಂಡ,
ಎರಡು ಸಲ.